ಕಪಾಟಿನ ಕೂಸಿಗೆ ಮಣ್ಣು

ಆ ವರ್ಷ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನಿಂದ ಹಿಡಿದು ಕಂಡಕ್ಟರನವರೆಗೆ ಎಲ್ಲರ ಫೋನಿನಲ್ಲೂ ಒಂದೇ ದನಿ. ಫೋನು ಬಂತೆಂದರೆ ಸಾಕು, ಒಂದು ಹೆಣ್ಣುಮಗು ಗೋಡೆಯಾಚೆಯಿಂದ ಕರೆದ ಹಾಗೆ 'ಅವ್ವಾ... ಬಾಗಲಾ ತಗೀ' ಅನ್ನುವುದು. ಸುತ್ತ ಇದ್ದವರು ಬೆಚ್ಚುವರು, ಆಮೇಲೆ ನಗುವರು. ದುಡ್ಡು ಕೊಟ್ಟು ಹೆದರಿಕೊಳ್ಳುವ ಚಟ ಮನುಷ್ಯನಿಗೆ ಯಾವಾಗ ಅಂಟಿತೋ ಆ ದೇವರೇ ಬಲ್ಲ. ಅದು 'ಕಪಾಟಿನ ಕೂಸು' ಎಂಬ ಸಿನಿಮಾದ ಗೊಂಬೆಯ ಮಾತು. ಕಪಾಟಿನೊಳಗೆ ಕೂತ ಗೊಂಬೆ ಮಟಮಟ ಮಧ್ಯಾಹ್ನ ಮನೆಯಾಕೆಯನ್ನು ಕರೆಯುತ್ತದೆ, ಆಕೆ ಬಾಗಿಲು ತೆಗೆಯುತ್ತಾಳೆ, ತೆಗೆದವಳು ಕೆಡುತ್ತಾಳೆ. ಕಥೆ ಅಂದರೆ ಇಷ್ಟೇ. ಇದರಲ್ಲೇನಿದೆ ಅಂತ ನನ್ನನ್ನು ಕೇಳಬೇಡಿ. ಬಳ್ಳಾರಿಯ ಜನ ಟಾಕೀಸಿನ ಮುಂದೆ ನೂಕಾಡಿ ನೋಡಿದರು.

ಆ ದನಿ ಶೀಲಾಳದು. ಶೀಲಾ ಹುಡುಗಿಯಾಗಿದ್ದಾಗ ನಾಟಕದ ಕಂಪನಿಯಲ್ಲಿ ಬಾಲಪಾತ್ರ ಮಾಡಿದವಳು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೇಲೆ ಬಣ್ಣ ಬಿಟ್ಟಳು, ದನಿ ಬಿಡಲಿಲ್ಲ. ಆಗೊಮ್ಮೆ ಈಗೊಮ್ಮೆ ಬಳ್ಳಾರಿಗೆ ಹೋಗಿ ಸೀರೆ ಅಂಗಡಿಯ ಜಾಹೀರಾತಿಗೋ ಸಣ್ಣ ಸಿನಿಮಾಕ್ಕೋ ದನಿ ಕೊಟ್ಟು ಬರುವಳು, ಉಳಿದ ದಿನ ಮನೆಯಲ್ಲಿ ಜಂಪರ್ ಹೊಲಿಯುವಳು. ಗಂಡ ಕರಿಬಸವ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರ್ ಮಿಸ್ತ್ರಿ. ಬಾಯ್ಲರಿನಿಂದ ಹಬೆ ಎಬ್ಬಿಸಬಹುದು, ಕರಿಬಸವನ ಬಾಯಿಂದ ಮಾತು ಎಬ್ಬಿಸುವುದು ಕಷ್ಟ ಅಂತ ಮಿಲ್ಲಿನವರೇ ಆಡಿಕೊಳ್ಳುತ್ತಿದ್ದರು. ಅವರಿಗೆ ಒಬ್ಬಳೇ ಮಗಳು, ಗಂಗೋತ್ರಿ. ಒಂಬತ್ತು ತುಂಬುವ ಮೊದಲು ಆಕೆಗೆ ಜ್ವರ ಬಂತು. ಎಲ್ಲರ ಮಕ್ಕಳಿಗೂ ಬರುವ ಹಾಗೆ ಬಂದದ್ದು, ಎಲ್ಲರ ಮಕ್ಕಳನ್ನು ಬಿಟ್ಟು ಹೋಗುವ ಹಾಗೆ ಬಿಟ್ಟು ಹೋಗಲಿಲ್ಲ.

ಫೋನಿನಲ್ಲಿ ಮಗಳ ಫೋಟೊ ರಾಶಿ ರಾಶಿ ಇದ್ದವು. ದನಿ ಮಾತ್ರ ಇರಲಿಲ್ಲ. ಇದ್ದ ವಿಡಿಯೊಗಳಲ್ಲೆಲ್ಲ ಹುಡುಗಿ ಹಾಡು ಹಚ್ಚಿಕೊಂಡು ಕುಣಿಯುತ್ತಾಳೆ. ಬಾಯಿ ಆಡುವುದು ಕಾಣುತ್ತದೆ, ಕೇಳುವುದು ಸ್ಪೀಕರಿನ ಡಬಡಬ ಒಂದೇ. ದಿನ ಬೆಳಗಾದರೆ ಕಿವಿಯ ಮೇಲೆ ಬೀಳುವ ದನಿಯನ್ನು ಯಾರಾದರೂ ಎತ್ತಿಡುತ್ತಾರೆಯೇ? ವರ್ಷ ಕಳೆಯುವಷ್ಟರಲ್ಲಿ ಮಗಳ ಮುಖ ಶೀಲಾಳ ಕಣ್ಣಿಗೆ ಕಟ್ಟುತ್ತಿತ್ತು, ದನಿ ಕಿವಿಗೆ ಸಿಗುತ್ತಿರಲಿಲ್ಲ. ಎಷ್ಟು ನೆನೆಸಿದರೂ ಇಲ್ಲ. ಮಗಳು ಎರಡನೇ ಸಲ ಸತ್ತಂತೆ ಆಕೆಗೆ ಸಂಕಟವಾಗುತ್ತಿತ್ತು. ಅದನ್ನು ಯಾರ ಮುಂದೆ ಹೇಳಿಕೊಂಡಾಳು?

ಅಂಥಾ ದಿನಗಳಲ್ಲೇ ಪ್ರಣವ ಆಕೆಯನ್ನು ಕರೆಸಿದ್ದು. ಪ್ರಣವ 'ಕಪಾಟಿನ ಕೂಸಿ'ನ ನಿರ್ದೇಶಕ, ಮೂವತ್ತರ ಹುಡುಗ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ತನ್ನ ಸೋದರತ್ತೆ ವಿಜಯಾಬಾಯಿಯ ಹಳೇ ಮನೆಯ ಒಂದು ಕೋಣೆಗೆ ಗೋಡೆ ತುಂಬ ಗಾದಿ ಬಡಿದು ರೆಕಾರ್ಡಿಂಗ್ ಸ್ಟುಡಿಯೊ ಎಂದು ಹೆಸರಿಟ್ಟಿದ್ದ. ಶೀಲಾ ಒಂದಾದ ಮೇಲೊಂದು ಮಕ್ಕಳ ದನಿ ತೆಗೆದಳು. ಪ್ರಣವ ತಲೆ ಅಲ್ಲಾಡಿಸಿದ.

"ಶೀಲಕ್ಕ, ಇದು ಕೂಸಿನ ದನಿ ಅಲ್ಲ. ಕೂಸಿನ ಹಂಗ ಮಾತಾಡೋ ದೊಡ್ಡಾಕಿ ದನಿ ಅದ."

ಶೀಲಾಳಿಗೆ ಸಿಟ್ಟು ಬಂತು. ಕಣ್ಣು ಮುಚ್ಚಿದಳು. ಮನೆಯ ಹೊಸ್ತಿಲ ಹೊರಗೆ ಗಂಗೋತ್ರಿ ನಿಂತದ್ದು ಕಂಡಿತು. ಬೆನ್ನಿಗೆ ಸಾಲಿ ಚೀಲ, ಬಳ್ಳಾರಿ ಸೀಮೆಯ ಬಿಸಿಲು, ಕಾಲು ಸುಡುತ್ತದೆಂದು ಒಂದು ಕಾಲು ಎತ್ತಿ ಒಂದು ಇಟ್ಟು ಕುಣಿಯುತ್ತಿದ್ದಾಳೆ. ಶೀಲಾ ಬಾಯಿ ತೆರೆದಳು. ಕಾಗದದ ಮೇಲೆ ಬರೆದಿದ್ದ ಮಾತು ತಾನಾಗಿ ಹೊರಗೆ ಬಂತು.

"ಅವ್ವಾ... ಬಾಗಲಾ ತಗೀ."

ಪ್ರಣವ ಕುರ್ಚಿ ಬಿಟ್ಟು ಎದ್ದ. "ಇದಽ," ಎಂದ. ಶೀಲಾ ಕೂತಲ್ಲೇ ಗಂಟಲು ಮುಟ್ಟಿ ನೋಡಿಕೊಂಡಳು. ವರ್ಷದಿಂದ ಎಲ್ಲೆಲ್ಲೋ ಹುಡುಕಿದ್ದು ತನ್ನ ಗಂಟಲಲ್ಲೇ ಇತ್ತಲ್ಲ. ಇದು ನನ್ನ ಗಂಗಿ, ಇದು ನನ್ನ ಗಂಗಿಯದೇ ದನಿ, ಎಂದುಕೊಂಡಳು. ಸೆರಗು ಬಾಯಿಗೆ ಒತ್ತಿ ಅತ್ತಳು. ಪ್ರಣವ ಇದೂ ಅಭಿನಯದ ಭಾಗವೆಂದುಕೊಂಡು ನೀರು ತರಿಸಿಕೊಟ್ಟ.

ಅಲ್ಲಿಂದ ಶುರುವಾಯಿತು ನೋಡಿ. ಸಿನಿಮಾದ ಕೆಲಸ ಮುಗಿದರೂ ಶೀಲಾ ಆ ದನಿಯನ್ನು ಬಿಡಲಿಲ್ಲ. ಕರಿಬಸವ ಮಿಲ್ಲಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಹೊಲಿಗೆ ಮಷಿನ್ ಮುಂದೆ ಕೂತು, ತನ್ನ ದನಿಯಲ್ಲೊಮ್ಮೆ ಮಗಳ ದನಿಯಲ್ಲೊಮ್ಮೆ ಮಾತಾಡುವಳು. ಉಂಡೆಯಾ ಎಂದು ತಾನೇ ಕೇಳುವಳು, ಉಂಡೆ ಅವ್ವಾ ಎಂದು ತಾನೇ ಹೇಳುವಳು. ಏನುಂಡಿ ಎನ್ನುವಳು. ರೊಟ್ಟಿ, ಪುಂಡಿಪಲ್ಯ. ಖಾರ ಆತೇನು? ಆತು, ನೀರು ಕೊಡು. ಕೇಳಿದವರು ಹುಚ್ಚು ಅನ್ನುತ್ತಿದ್ದರು. ಶೀಲಾಳಿಗೆ ಮಾತ್ರ ಹೊಟ್ಟೆ ತಣ್ಣಗಾಗುತ್ತಿತ್ತು. ನಗುತ್ತಿದ್ದಳು ಕೂಡ.

ಹೀಗೇ ನಡೆಯುತ್ತ ನಡೆಯುತ್ತ, ಒಂದು ಮಧ್ಯಾಹ್ನ ಆಕೆ ಏನೂ ಕೇಳದಿದ್ದಾಗ ದನಿ ಮಾತಾಡಿತು. ಶೀಲಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ತುಟಿಯಲ್ಲಿ ದಾರದ ತುದಿ ಇತ್ತು. "ಅವ್ವಾ, ನನಗೊಂದು ಲಂಗಾ ಹೊಲಿ," ಅಂದಿತು ಗಂಟಲು. ಆಕೆಗೆ ಭಯವಾಗಬೇಕಿತ್ತು. ಆಗಲಿಲ್ಲ. ಕತ್ತರಿಸಿ ಉಳಿದ ಕೆಂಪು ಬಟ್ಟೆ ಹುಡುಕಿ ಸಂಜೆಯೊಳಗೆ ಲಂಗ ಹೊಲಿದಳು. ಅಳತೆ ಯಾರದು ಎಂದು ಕೈ ಕೇಳಲಿಲ್ಲ. ಮುಗಿದ ಮೇಲೆ ನೋಡಿದರೆ ಅದು ಒಂಬತ್ತು ವರ್ಷದ ಹುಡುಗಿಗೆ ಆಗುವಂಥದ್ದಲ್ಲ, ಚಿಕ್ಕದು, ಗೊಂಬೆಗಾಗುವಷ್ಟು. ಮಡಿಸಿ ಒಳಗಿಟ್ಟಳು.

ಕರಿಬಸವ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವವನು. ಒಂದು ದಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಾಗ ಒಳಗೆ ನಗು, ಮಾತು. ಕೂಸೊಂದು ಅವ್ವಾ ಅವ್ವಾ ಅನ್ನುತ್ತಿದೆ. ಶೀಲಾ ಬಾಗಿಲು ತೆಗೆದು ನೋಡಿದರೆ ಅವನ ಮುಖ ಬೂದಿ ಬಳಿದ ಹಾಗಿತ್ತು.

"ಯಾರದಾರ ಒಳಗ?" ಎಂದ.

"ಯಾರಿಲ್ಲ. ನಾನಽ ಅದೀನಿ. ಬರ್ರಿ, ಉಣ್ಣಾಕ ಹಾಕ್ತೀನಿ."

ಅವನು ಒಳಗೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊಳ್ಳಿ ಹೋದ. ಮರುದಿನದಿಂದ ಬೆಳಿಗ್ಗೆಯೇ ಬುತ್ತಿ ಕಟ್ಟಿಸಿಕೊಂಡು ಹೋಗಿ ಮಿಲ್ಲಿನಲ್ಲೇ ಉಣ್ಣತೊಡಗಿದ. ಅಂಜಿದ್ದಾನೆ, ಗಂಡಸಾಗಿ ಸ್ವಂತ ಮಗಳಿಗೆ ಅಂಜಿದ್ದಾನೆ, ಎಂದು ಶೀಲಾಳಿಗೆ ಅವನ ಮೇಲೆ ತಿರಸ್ಕಾರವೇ ಹುಟ್ಟಿತು.

ಇತ್ತ ಸಿನಿಮಾ ಓಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಪ್ರಣವನ ಹೆಗ್ಗಣ ಊರಿಗೆಲ್ಲ ಮುದ್ದಾಗಿಬಿಟ್ಟಿತು. ಅವನು ಎರಡನೇ ಭಾಗಕ್ಕೆ ಕೈ ಹಾಕಿದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಜಾತಿ ಅವನದು, ಮೂರನೆಯದರ ಕಥೆಯೂ ತಲೆಯಲ್ಲಿ ಆಗಿತ್ತು. ಶೀಲಾಳನ್ನು ಮತ್ತೆ ಕಂಟೋನ್ಮೆಂಟಿಗೆ ಕರೆಸಿದ.

ಆಕೆ ಹೋದಾಗ ಪ್ರಣವ ಇನ್ನೂ ಬಂದಿರಲಿಲ್ಲ. ವಿಜಯಾಬಾಯಿ ಕಾಫಿ ಕೊಟ್ಟು ಪಡಸಾಲೆಯಲ್ಲಿ ಕೂರಿಸಿದರು. ಮೂಲೆಯ ಸ್ಟೂಲಿನ ಮೇಲೆ ಸಿನಿಮಾದ ಗೊಂಬೆ ಇತ್ತು. ಮೂರು ವರ್ಷದ ಕೂಸಿನಷ್ಟು ದೊಡ್ಡದು, ಫೈಬರಿನ ಮುಖ, ಗಾಜಿನ ಕಣ್ಣು, ತಲೆಗೆ ನಿಜವಾದ ಕೂದಲು. ಮುದುಕಿ ಅದರ ಮುಖಕ್ಕೆ ಒಂದು ಟವಲ್ ಹೊದಿಸಿದ್ದರು.

"ಈ ದರಿದ್ರ ನಮ್ಮ ಮನ್ಯಾಗ ತಂದಿಟ್ಟಾನ ನೋಡವಾ," ಎಂದರು ವಿಜಯಾಬಾಯಿ. "ದಸರಾಕ್ಕ ನಾವೂ ಗೊಂಬಿ ಕೂಡಸ್ತೀವಿ. ಹಬ್ಬ ಮುಗೀತಂದ್ರ ಮಲಗಿಸಿ, ಅರಿವಿ ಸುತ್ತಿ, ಪೆಟ್ಟಿಗ್ಯಾಗ ಇಡ್ತೀವಿ. ಇದು ಹಗಲೂ ರಾತ್ರಿ ಕಣ್ಣು ತಗದು ಕೂತಿರ್ತದ. ಮಲಗಿಸಿದ್ರೂ ಕಣ್ಣು ಮುಚ್ಚೂದಿಲ್ಲ, ಹಂಗ ಮಾಡ್ಸ್ಯಾನ."

ಶೀಲಾ ಎದ್ದು ಹೋಗಿ ಟವಲ್ ಎತ್ತಿದಳು. ಗಂಟಲಲ್ಲಿ ಏನೋ ಮಿಸುಕಿತು. ಮುದುಕಿ ಇದ್ದಾರೆಂದು ತುಟಿ ಬಿಗಿ ಹಿಡಿದಳು.

ಪ್ರಣವ ಬಂದವನೇ ಕಥೆ ಹೇಳಿದ. ಈ ಸಲ ಗೊಂಬೆಯನ್ನು ನಾಯಕಿ ಕುರುಗೋಡಿನ ಬೆಟ್ಟದ ಬುಡದಲ್ಲಿ ಹೂಳುತ್ತಾಳೆ. ಗೊಂಬೆ ಕಿರುಚಿ ಕಿರುಚಿ ಸಾಯುತ್ತದೆ.

"ಕೂಸು ಸಾಯಬೇಕು ಶೀಲಕ್ಕ. ಆ ಸಾಯೋ ದನಿ ಕೇಳಿ ಟಾಕೀಸಿನಾಗ ಜನ ಕಿವಿ ಮುಚ್ಕೋಬೇಕು."

"ನಾ ಒಲ್ಲೆ," ಎಂದಳು ಶೀಲಾ.

"ಯಾಕ?"

"ಒಲ್ಲೆ ಅಂದ್ರ ಒಲ್ಲೆ. ಬೇರೆ ಯಾರ್ನಾರ ನೋಡ್ರಿ."

ಪ್ರಣವ ಸಿಟ್ಟಾಗಲಿಲ್ಲ. ಕೆಟ್ಟವನಲ್ಲ ಅವನು, ಹುಚ್ಚ ಅಷ್ಟೇ. ಬೇರೆ ಯಾರೂ ಬೇಕಾಗಿಲ್ಲ ಎಂದ. ಮೊದಲನೇ ಭಾಗದ ದನಿಯೆಲ್ಲ ತನ್ನ ಹತ್ತಿರ ಇದೆ, ಕಂಪ್ಯೂಟರಿಗೆ ಕೊಟ್ಟರೆ ಅದು ಅದೇ ದನಿಯಲ್ಲಿ ಬೇಕಾದ್ದು ಆಡುತ್ತದೆ, ನಗು ಅಂದರೆ ನಗುತ್ತದೆ, ಕಿರುಚು ಅಂದರೆ ಕಿರುಚುತ್ತದೆ. "ಆದ್ರ ನಿಮ್ಮ ಬಾಯಿಂದ ಬಂದ್ರ ಜೀವ ಇರ್ತದ, ಅದಕ್ಕ ಕೇಳ್ದೆ," ಎಂದ.

ಶೀಲಾ ಲೆಕ್ಕ ಹಾಕಿದಳು. ತಾನಿರಲಿ ಬಿಡಲಿ, ತನ್ನ ಮಗಳ ದನಿ ಆ ಡಬ್ಬಿಯೊಳಗೆ ಸಾಯುವುದು ಖಂಡಿತ. ಬೇಕೆಂದಷ್ಟು ಸಲ ಸಾಯಿಸುತ್ತಾರೆ. ಜ್ವರದಲ್ಲಿ ಮಗಳು ಹೋದಾಗ ಆಕೆ ಬಗಲಲ್ಲೇ ಇದ್ದಳು, ಕೈ ಹಿಡಿದಿದ್ದಳು. ಈಗ ದನಿ ಹೋಗುವಾಗ ಯಾರಿರಬೇಕು?

"ಬರ್ತೀನಿ," ಎಂದಳು. "ಹೋಗೋದಾದ್ರ ನನ್ನ ಬಾಯಾಗಽ ಹೋಗ್ಲಿ."

ಕುರುಗೋಡಿನಲ್ಲಿ ಶೂಟಿಂಗು ಇಟ್ಟದ್ದು ನಡು ಬೇಸಿಗೆಯ ನಡು ಮಧ್ಯಾಹ್ನ. ನೆರಳು ಕಾಲಡಿಗೇ ಬಂದು ನಿಂತಿತ್ತು. ಬೆಟ್ಟದ ಬಂಡೆಗಳು ಮುಟ್ಟಿದರೆ ಕೈ ಸುಡುವಷ್ಟು ಕಾದಿದ್ದವು. ನಾಯಕಿಯ ಪಾತ್ರದ ಅನುಷಾ ಕೊಡೆಯಡಿ ಕೂತು ಎಳನೀರು ಕುಡಿಯುತ್ತಿದ್ದಳು. ಪ್ರಣವ ಒಂದು ಉದ್ದನೆಯ ಮರದ ಪೆಟ್ಟಿಗೆ ಮಾಡಿಸಿ ತಂದಿದ್ದ. ಅವನದು ಸುಡುವ ಜನ; ಹೂಳುವುದನ್ನು ಅವನು ಕಂಡಿದ್ದರೆ ಇಂಗ್ಲಿಷ್ ಪಿಚ್ಚರಿನಲ್ಲೇ. ಪೆಟ್ಟಿಗೆಯಲ್ಲಿ ಗೊಂಬೆಯನ್ನು ಮಲಗಿಸಬೇಕು, ಮುಚ್ಚಳ ಹಾಕಬೇಕು, ಒಳಗಿಂದ ಅದು ಬಡಿಯಬೇಕು ಎಂದು ಅವನ ಲೆಕ್ಕ.

ಕುಣಿ ತೋಡುವ ಕೆಲಸವನ್ನು ಊರಿನ ಸುಂಕಪ್ಪನಿಗೆ ಫೋನಿನಲ್ಲಿ ಹೇಳಿದ್ದರು. ಕೂಸಿಗೊಂದು ಕುಣಿ ತೋಡಿಡು ಎಂದಷ್ಟೇ ಹೇಳಿದ್ದು. ಸುಂಕಪ್ಪ ಊರಿನಲ್ಲಿ ಸತ್ತವರಿಗೆ ಕುಣಿ ತೋಡುತ್ತ ಮುದುಕನಾದವನು. ಯಾವ ಕೂಸು, ಯಾರ ಕೂಸು ಎಂದು ಕೇಳುವ ರೂಢಿ ಅವನಿಗಿಲ್ಲ. ತೋಡಿಟ್ಟಿದ್ದ. ಪ್ರಣವ ಬಂದು ನೋಡಿದರೆ ಕುಣಿ ಉದ್ದವಿಲ್ಲ, ಚೌಕ. ಒಳಗಿನ ಗೋಡೆಯಲ್ಲಿ ಒಂದು ಗೂಡು ಕೊರೆದಿದೆ.

"ಇದೇನಜ್ಜಾ, ನನ್ನ ಪೆಟ್ಟಿಗಿ ಹೆಂಗ ಹಿಡೀಬೇಕು ಇದರಾಗ?"

"ಪೆಟಗಿ ಯಾಕ್ರಿ?" ಎಂದ ಸುಂಕಪ್ಪ. "ಕೂಸು ಗೂಡಿನ್ಯಾಗ ಕುಂದ್ರತೈತಿ."

"ಕುಂದ್ರೂದ್ಯಾಕ? ಮಲಗಬೇಕಲ್ಲ."

"ನಮ್ಮಲ್ಲಿ ಹಂಗಿಲ್ರಿ. ನಾವು ಕುಂದ್ರಿಸ್ತೀವಿ."

ಪ್ರಣವ ತಲೆ ಚಚ್ಚಿಕೊಂಡ. ಎತ್ತು ಏರಿಗೆ, ಕೋಣ ನೀರಿಗೆ. ಕ್ಯಾಮೆರಾದವನು ಮಾತ್ರ ಕುಣಿಯೊಳಗೆ ಬಗ್ಗಿ ನೋಡಿ, ಪೆಟ್ಟಿಗೆಗಿಂತ ಇದೇ ಭಯ ಹುಟ್ಟಿಸುತ್ತದೆ ಎಂದ. ಸರಿ, ಹಾಗೇ ಆಗಲಿ ಎಂದಾಯಿತು. ಗೊಂಬೆಯನ್ನು ಇಳಿಸಿದರು. ಸುಂಕಪ್ಪ ಅದರ ಕಾಲು ಮಡಿಸಿ ಗೂಡಿನಲ್ಲಿ ಕೂರಿಸಿದ. ಅಷ್ಟಕ್ಕೇ ಬಿಡಬೇಕಿತ್ತು. ಅವನ ಕೈಗೆ ಬಿಟ್ಟು ಗೊತ್ತಿಲ್ಲ. ಸೊಂಟದ ಚೀಲದಿಂದ ವಿಭೂತಿ ತೆಗೆದು ಗೊಂಬೆಯ ಹಣೆಗೆ ಬಳಿದ, ಪಕ್ಕದ ಗಿಡದಿಂದ ಬಿಲ್ವಪತ್ರಿ ತಂದು ತಲೆಯ ಮೇಲಿಟ್ಟ. ಯಾರೂ ಬೇಡ ಅನ್ನಲಿಲ್ಲ. ಚೆನ್ನಾಗಿ ಕಾಣುತ್ತದೆ ಎಂದೇ ಎಲ್ಲರೂ ನೋಡಿದರು.

ಶೀಲಾ ಕುಣಿಯ ಅಂಚಿಗೆ ಬಂದು ನೋಡಿ ಹಾಗೇ ನಿಂತುಬಿಟ್ಟಳು. ಮಗಳು ಹೋದ ದಿನ ಶೀಲಾಳನ್ನು ಮಣ್ಣಿಗೆಂದು ಹೂಳುವ ಜಾಗಕ್ಕೆ ಬಿಟ್ಟಿರಲಿಲ್ಲ. ಹೆತ್ತವಳು ನೋಡಬಾರದು ಎಂದು ಹಿರಿಯ ಹೆಂಗಸರು ತೋಳು ಹಿಡಿದು ಒಳಗೆ ಕೂರಿಸಿದ್ದರು. ಗಂಗೋತ್ರಿ ಹೊಸ್ತಿಲು ದಾಟಿದ್ದು ಕಂಡದ್ದೇ ಕೊನೆ. ಎಲ್ಲಿ ಕೂತಳು, ಹೇಗೆ ಕೂತಳು, ಆಕೆಗೆ ಗೊತ್ತಿಲ್ಲ.

"ಅಜ್ಜಾ," ಎಂದಳು, "ಎಲ್ಲಾರ್ನೂ ಹಿಂಗಽ ಕುಂದ್ರಿಸ್ತೀರೇನು? ಸಣ್ಣವರ್ನೂ?"

"ಹೂನವ್ವಾ. ಸಣ್ಣವರು ದೊಡ್ಡವರು ಎಲ್ಲಾ ಹಿಂಗಽ."

ಶೀಲಾಳನ್ನು ಒಂದು ಬಂಡೆಯ ಮರೆಯಲ್ಲಿ ಮೈಕಿನ ಮುಂದೆ ಕೂರಿಸಿದರು. ಅನುಷಾ ಮಣ್ಣು ಹಾಕುವಾಗ ಶೀಲಾ ಅಲ್ಲಿಂದ ಮಾತಾಡಬೇಕು, ಕಿರುಚಬೇಕು. ಅದಕ್ಕೆ ತಕ್ಕಂತೆ ಅನುಷಾ ಅಂಜಬೇಕು. ಪ್ರಣವ ಶುರು ಎಂದ. ಅನುಷಾ ಕುಣಿಯ ಬಳಿ ಮೊಣಕಾಲೂರಿ ಬೊಗಸೆ ಮಣ್ಣು ಸುರಿದಳು. ಬರೆದುಕೊಟ್ಟ ಮಾತು, ಕತ್ತಲಾಗಾಕತ್ತೈತಿ ಅವ್ವಾ ಎಂಬುದು. ಶೀಲಾ ಬಾಯಿ ತೆರೆದಳು. ಗಂಟಲು ಒಣಗಿ ಕೂತಿತ್ತು, ಉಸಿರು ಹೊರಡಲೊಲ್ಲದು.

"ಅವ್ವಾ, ಕಣ್ಣಾಗ ಮಣ್ಣು ಬಿತ್ತು."

ಇದು ಬರೆದುಕೊಟ್ಟ ಮಾತಲ್ಲ. ಶೀಲಾ ಆಡಿದ್ದೂ ಅಲ್ಲ. ಹುಡುಗಿಯಾಗಿದ್ದಾಗಿನಿಂದ ದನಿಯನ್ನೇ ಉಂಡು ಬೆಳೆದವಳು ಆಕೆ, ತನ್ನ ಉಸಿರು ಯಾವುದು ಅಲ್ಲ ಯಾವುದು ಎಂದು ತಿಳಿಯದೇ? ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಸೌಂಡಿನವನು ಬಂಡೆಯ ಕಡೆ ತಿರುಗಲಿಲ್ಲ, ಕುಣಿಯ ಕಡೆ ತಿರುಗಿದ. ಅನುಷಾ ಎದ್ದು ಓಡಿದಳು. ಕೊಡೆ ಹಿಡಿದವನೂ ಆಕೆಯ ಹಿಂದೆ ಓಡಿದ.

ಪ್ರಣವನಿಗೆ ಖುಷಿಯೋ ಖುಷಿ. "ಭಾರಿ ಆತು ಶೀಲಕ್ಕ, ಬರದದ್ದಕ್ಕಿಂತ ಛಲೋ ಅಂದ್ರಿ. ಆದ್ರ ಈ ಹುಡುಗಿ ಫ್ರೇಮ್ ಬಿಟ್ಟು ಓಡಿದಳು. ಇನ್ನೊಂದು ಟೇಕ್ ಮಾಡೂಣು. ಅಜ್ಜಾ, ಗೊಂಬಿ ಮ್ಯಾಲೆ ತಗದು ಮಣ್ಣು ಝಾಡಸು."

ಸುಂಕಪ್ಪ ಕದಲಲಿಲ್ಲ. "ಮಣ್ಣು ಕೊಟ್ಟಿಂದ ತಗ್ಯಾಂಗಿಲ್ರಿ."

"ಅದು ಫೈಬರ್ ಗೊಂಬಿ ಅದ."

"ಇರಬೌದು. ಮಣ್ಣು ಮಣ್ಣಽ ಐತಲ್ರಿ."

ಉಳಿದ ಆಳುಗಳೂ ಹಿಂದೆ ಸರಿದರು. ಪ್ರಣವ ಪ್ಯಾಂಟು ಮಡಿಸಿಕೊಂಡು ತಾನೇ ಕುಣಿಗೆ ಇಳಿಯಹೊರಟ. ಶೀಲಾ ಬಂಡೆಯ ಮರೆಯಿಂದ ಎದ್ದು ಬಂದಳು. ಆಗ ಆಕೆಗೆ ಮತ್ತೆ ಕೇಳಿಸಿತು. ಈಗ ಸಣ್ಣಗೆ, ಆಕೆಯೊಬ್ಬಳಿಗೇ ಎನ್ನುವ ಹಾಗೆ.

"ಅವ್ವಾ, ಎತ್ತಿಕೋ. ನಾ ಮನಿಗೆ ಬರ್ತೀನಿ."

ಎತ್ತಿಕೊಳ್ಳಬೇಕೆಂದು ಶೀಲಾಳ ಎರಡೂ ಕೈ ಮುಂದೆ ಬಂದವು. ಸುಳ್ಳೇಕೆ ಹೇಳಲಿ, ಆ ಕ್ಷಣಕ್ಕೆ ಆಕೆಗೆ ಲೋಕದಲ್ಲಿ ಬೇರೇನೂ ಬೇಡವಾಗಿತ್ತು. ಪ್ರಣವ ಗೊಂಬೆ ತೆಗೆಯಲಿ, ಇನ್ನೊಂದು ಟೇಕ್ ಆಗಲಿ, ಮೂರನೇ ಭಾಗ ಬರಲಿ, ನಾಲ್ಕನೆಯದೂ ಬರಲಿ. ಬಾಗಿಲು ಹಾಕಿಕೊಂಡು ದಿನಾ ಮಧ್ಯಾಹ್ನ ಮಗಳ ಜೊತೆ ಕೂರಬಹುದು. ಇಲ್ಲವೆಂದರೆ ಇವತ್ತಿಗೆ ಮುಗಿಯಿತು, ಆ ದನಿ ಇನ್ನು ಸಿಕ್ಕುವುದಿಲ್ಲ. ಹೀಗೆಂದುಕೊಳ್ಳುತ್ತಲೇ ಆಕೆ ಗೂಡಿನಲ್ಲಿ ಕೂತ ಗೊಂಬೆಯನ್ನು ನೋಡಿದಳು. ಕಣ್ಣಿನ ಗಾಜಿನ ಮೇಲೆ ಕೆಂಪು ಧೂಳು ಕೂತಿತ್ತು, ಆದರೂ ತೆರೆದೇ ಇತ್ತು. ಮುಚ್ಚಲು ಬಾರದ ಕಣ್ಣು. ಅವ್ವ ಎಂಬಾಕೆ ಬಂದು ಮಲಗು ಅನ್ನುವವರೆಗೆ ಕೂಸು ಹೀಗೇ ಕಣ್ಣು ಬಿಟ್ಟು ಕೂತಿರಬೇಕೇನು?

"ಮ್ಯಾಲೆ ಬಾರಪ್ಪಾ," ಎಂದಳು ಪ್ರಣವನಿಗೆ. ಆಕೆಯ ಮುಖ ನೋಡಿ ಅವನು ಸರಿದು ನಿಂತ.

ಶೀಲಾ ಕುಣಿಗೆ ಇಳಿದಳು. ಸೆರಗಿನಿಂದ ಗೊಂಬೆಯ ಮುಖ ಒರೆಸಿದಳು. ತಲೆಯ ಮೇಲಿದ್ದ ಪತ್ರಿ ತೆಗೆದು ಎರಡು ಕಣ್ಣಿಗೂ ಅಡ್ಡ ಇಟ್ಟಳು. ಮೇಲೆ ಬಂದು ಮಣ್ಣು ತುಂಬಿಕೊಂಡಳು.

"ಮಕ್ಕೋ ನಮ್ಮವ್ವ," ಎಂದಳು. "ಭಾಳ ಹೊತ್ತಾತು ನೀ ಕುಂತು. ಮಕ್ಕೋ."

ಮೊದಲ ಬೊಗಸೆ ಮಣ್ಣು ಗೊಂಬೆಯ ಮಡಿಲಿಗೆ ಬಿತ್ತು. ದನಿ ಬೇಡಿಕೊಂಡಿತು. ಅವ್ವಾ ಬ್ಯಾಡ ಎಂದಿತು. ಶೀಲಾ ಅಳುತ್ತ ಮಣ್ಣು ಸುರಿದಳು. ಬಾಗಲಾ ತಗೀ ಎಂದಿತು. ಸುರಿದಳು. ಹೆಸರು ಹಿಡಿದು ಬೈದಿತು, ಅತ್ತಿತು, ಮತ್ತೆ ಮುದ್ದು ಮಾಡಿತು. ಮಣ್ಣು ಎದೆಗೆ ಬಂತು, ಕೊರಳಿಗೆ ಬಂತು. ಬಾಯಿಯ ಮಟ್ಟಕ್ಕೆ ಬಂದಾಗ ದನಿ ಅಲ್ಲಿಗೇ ನಿಂತಿತು. ಸುಂಕಪ್ಪ ಗುದ್ದಲಿ ತಂದು ಉಳಿದದ್ದನ್ನು ಮುಚ್ಚಿದ. ಕ್ಯಾಮೆರಾ ಓಡುತ್ತಲೇ ಇತ್ತು.

ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಶೀಲಾ ಕಿಟಕಿಗೆ ಮುಖ ಮಾಡಿ ಮೆಲ್ಲಗೆ ಆ ದನಿ ತೆಗೆದು ನೋಡಿದಳು. ಬರಲಿಲ್ಲ. ನಲವತ್ತು ವರ್ಷದ ಹೆಂಗಸಿನ ದನಿಯೇ ಬಂತು. ಪಕ್ಕದಾಕೆ, ಏನಂದ್ರಿ ಅಕ್ಕಾ, ಎಂದು ಕೇಳಿದಳು. ಏನಿಲ್ಲ ಎಂದಳು. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬಸ್ಸಿಳಿದು ನೇರ ಮಿಲ್ಲಿಗೆ ನಡೆದಳು.

ಸಂಜೆ ಬಿಸಿಲು ಇನ್ನೂ ಇತ್ತು. ಮಿಲ್ಲಿನ ಅಂಗಳದ ತುಂಬ ಕುದಿಸಿದ ಭತ್ತ ಹರವಿದ್ದರು, ಅದರ ವಾಸನೆ ಬೀದಿಯವರೆಗೂ ಬರುತ್ತಿತ್ತು. ಕರಿಬಸವ ಬಾಯ್ಲರಿಗೆ ಹೊಟ್ಟು ಹಾಕಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿಯನ್ನು ಅಲ್ಲಿ ನೋಡಿ ಎದ್ದು ನಿಂತ.

"ಕೈ ಯಾಕ ಹಿಂಗ ಮಣ್ಣಾಗ್ಯಾವು?"

"ಮಣ್ಣಿಗೆ ಹೋಗಿದ್ದೆ."

"ಯಾರ್ದು?"

"ನಮ್ಮ ಗಂಗಿದು," ಎಂದಳು ಶೀಲಾ.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕಂಟೋನ್ಮೆಂಟಿನ ಕೋಣೆಯಲ್ಲಿ ದನಿ ಸಿಕ್ಕಿದ್ದು, ಮಧ್ಯಾಹ್ನಗಳು, ಕೆಂಪು ಲಂಗ, ಕುರುಗೋಡಿನ ಕುಣಿ, ಬಾಯಿಯ ಮಟ್ಟಕ್ಕೆ ಬಂದ ಮಣ್ಣು.

"ನೀವು ಅಂಜಿ ಓಡಿ ಹೋದ್ರಿ," ಎಂದಳು ಕೊನೆಗೆ. "ಮಗಳು ಕರೆದ್ರ ಯಾರಾರ ಓಡಿ ಹೋಕ್ಕಾರೇನು?"

ಕರಿಬಸವ ಕಾಲ ಬಳಿ ಚೆಲ್ಲಿದ್ದ ಭತ್ತವನ್ನು ಹರವಿದ ಕಡೆ ಸರಿಸಿದ.

"ಶೀಲಾ," ಎಂದ. "ಗಂಗಿ ನಿನಗ ಯಾವಾಗ ಅವ್ವಾ ಅಂದಿದ್ಲು?"

ಶೀಲಾ ಅವನ ಮುಖ ನೋಡಿದಳು.

"ಮಮ್ಮಿ ಅಂತಿದ್ಲು. ಸಾಲಿಗೆ ಹಚ್ಚಿದಾಗಿನಿಂದ ಮಮ್ಮಿನಽ. ಮಂದಿ ಮುಂದ ಅವ್ವಾ ಅನ್ನು ಅಂತ ನೀ ಎಷ್ಟು ಬೈದಿ. ಒಂದು ದಿನಾರ ಅಂದ್ಲೇನು? ಜ್ವರದಾಗೂ ಮಮ್ಮಿ ಅಂತಽ ಕರೆದ್ಲು."

ಹೌದು. ಇಷ್ಟು ದೊಡ್ಡದನ್ನು ಶೀಲಾ ಹೇಗೆ ಮರೆತಳು? ಪ್ರಣವ ಕೊಟ್ಟ ಕಾಗದದಲ್ಲಿ ಅವ್ವಾ ಎಂದಿತ್ತು, ಆಕೆ ಅವ್ವಾ ಎಂದಳು, ಅಂದಿನಿಂದ ಮಗಳು ಅವ್ವಾ ಎಂದೇ ಕರೆಯತೊಡಗಿದಳು.

"ಅದಕಽ ನಾ ಮನಿಗೆ ಬರಾಕ ಒಲ್ಲೆ ಅಂದಿದ್ದು," ಎಂದ ಕರಿಬಸವ. "ನಮ್ಮ ಗಂಗಿ ಇದ್ದಿದ್ರ ನಾ ಬಾಗಲಾ ಮುರದು ಒಳಗ ಬರ್ತಿದ್ದೆ. ಒಳಗ ಯಾರದೋ ಕೂಸು ಕುಂತು ನಿನ್ನ ಅವ್ವಾ ಅವ್ವಾ ಅಂತಿತ್ತು."

"ನನಗ ಹೇಳಬಾರದಿತ್ತೇನು?"

"ನೀ ನಗಾಕತ್ತಿದ್ದಿ. ಆಕಿ ಹೋದಮ್ಯಾಲೆ ನೀ ನಕ್ಕಿದ್ದಽ ಇಲ್ಲ. ಹೆಂಗ ಹೇಳ್ಲಿ?"

"ಹಂಗಾರ ಅದ್ಯಾರು?" ಎಂದಳು ಶೀಲಾ. ಕೈಯ ಮಣ್ಣು ನೋಡಿಕೊಂಡಳು. "ನನ್ನ ಬಾಯಾಗ ಇದ್ದದ್ದು ಯಾರು? ನಾ ಮಣ್ಣು ಕೊಟ್ಟಿದ್ದು ಯಾರಿಗೆ?"

"ನನಗೇನು ಗೊತ್ತು," ಎಂದ ಕರಿಬಸವ.

ಬಾಯ್ಲರಿನ ಹಬೆ ಒಮ್ಮೆ ಜೋರಾಗಿ ಸದ್ದು ಮಾಡಿ ನಿಂತಿತು. ಯಾರ ಕೂಸೋ, ಯಾವ ತಾಯಿ ಮಲಗಿಸದೆ ಬಿಟ್ಟದ್ದೋ. ಶೀಲಾ ಅದಕ್ಕೂ ಅತ್ತಳು. ಆಮೇಲೆ ಸ್ವಂತ ಮಗಳಿಗಾಗಿ ಹುಡುಕಿದಳು. ಮಮ್ಮಿ ಎಂಬ ಮಾತು ನೆನಪಿಗೆ ಬಂತು, ಮಾತಿನೊಳಗೆ ದನಿ ಇರಲಿಲ್ಲ. ಖಾಲಿ. ಹಿಂದಿಗಿಂತ ಖಾಲಿ.

"ಹೆಂಗಂತಿದ್ಲು?" ಎಂದಳು. "ನೀವು ಮಧ್ಯಾಹ್ನ ಮನಿಗೆ ಬಂದಾಗ ಬಾಗಲದಾಗ ನಿಂತು ಒದರ್ತಿದ್ಲಲ್ಲ. ಹೆಂಗಂತಿದ್ಲು? ಒಂದು ಸಲ ಅನ್ರಿ."

ಕರಿಬಸವ ನಾಚಿದ. ಅಂಗಳದಲ್ಲಿ ಭತ್ತ ಎಳೆಯುವ ಹೆಂಗಸರಿದ್ದರು. ಅವನು ಹೊಟ್ಟಿನ ಧೂಳು ಕುಡಿದು ಒಡೆದ ಗಂಟಲು ಸರಿಮಾಡಿಕೊಂಡ. ಇವತ್ತಿನವರೆಗೆ ಎರಡು ವರ್ಷ ಮಗಳ ಮಾತನ್ನೇ ಬಾಯಿಗೆ ತರದಿದ್ದ ಮನುಷ್ಯ, ಕಣ್ಣು ನೆಲಕ್ಕೆ ಹಾಕಿ, ಕೊನೆಯನ್ನು ಎಳೆದು, ಎಳೆದದ್ದನ್ನು ಥಟ್ಟನೆ ಕತ್ತರಿಸಿ ಅಂದ.

"ಮಮ್ಮೀ... ಪಪ್ಪಾ ಬಂತು. ಊಟಕ್ಕ ಹಾಕು."

ಗಂಡಸಿನ ಒರಟು ದನಿ. ಕೂಸಿನ ದನಿಯ ಲವಲೇಶವೂ ಅದರಲ್ಲಿರಲಿಲ್ಲ. ಭತ್ತ ಎಳೆಯುವ ಹೆಂಗಸರು ತಿರುಗಿ ನೋಡಿದರು. ಶೀಲಾ ಕಣ್ಣು ಮುಚ್ಚಿ ಕೂತಿದ್ದಳು.

"ಬಂದೆ, ತಡಿ," ಎಂದಳು.